ಕರೆಯುವ ಹೆಸರಿನ ಪುಸ್ತಕ

ಕಳೆದ ಶನಿವಾರ ಟೊಮೇಟೊ ಸಸಿ ತರೋಣವೆಂದು ಇಲ್ಲಿ ಆಕ್ಲೆಂಡಿನ ಅಂಚಿನ ತಕಾನಿನಿಯ ಕಡೆ ಒಂದು ನರ್ಸರಿಗೆ ಹೋಗಿದ್ದೆವು. ಕುಂಡಗಳ ಸಾಲಿನ ನಡುವೆ ದಾರಿ ಕಿರಿದು. ನನ್ನ ಕೋಟಿನ ತುದಿ ಯಾವುದೋ ಗಿಡಕ್ಕೆ ತಗುಲಿತು, ತಗುಲಿದ್ದೇ ತಡ ಒಂದು ಘಾಟು ಮೇಲೆದ್ದು ಬಂತು. ಕಹಿ, ಸ್ವಲ್ಪ ಖಾರ, ಒಣಗಿದ ಕಿತ್ತಳೆ ಸಿಪ್ಪೆಯ ಹಾಗೆ ಏನೋ ಒಂದು... ಬಗ್ಗಿ ನೋಡಿದರೆ ನಾಗದಾಳಿ! ಮೈಸೂರಿನ ನಮ್ಮ ಬೀದಿಯಲ್ಲಿ ಎಳೆಗೂಸಿಗೆ ನೆಗಡಿಯಾದರೆ ಅಜ್ಜಿ ಯಾರ ಮನೆಯ ಹಿತ್ತಿಲಿನಿಂದಲೋ ಬೇಡಿ ತರುತ್ತಿದ್ದ ಅದೇ ಸೊಪ್ಪು.

"ಇದೇನೇ ಇದು, ಸಾರಿಗೆ ಹಾಕೋದಾ?" ಅಂದರು ನನ್ನ ಗಂಡ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಇಟ್ ಸ್ಟಿಂಕ್ಸ್! ನಾಟ್ ಇನ್ ದ ಕಾರ್, ಪ್ಲೀಸ್" ಅಂದಳು. ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಕುಂಡವನ್ನು ಎತ್ತಿಕೊಂಡೆ. ಮೌಂಟ್ ರಾಸ್ಕಿಲ್‌ನ ಮನೆ ಸೇರುವವರೆಗೂ ಅದು ನನ್ನ ತೊಡೆಯ ಮೇಲೇ ಇತ್ತು. ಟೊಮೇಟೊ ಸಸಿ ಕೊಳ್ಳುವುದನ್ನು ಮೂವರೂ ಮರೆತು ಬಂದಿದ್ದೆವು.

ಆ ಘಾಟಿನ ಜೊತೆ ನೆನಪಾಗಿ ಬಂದವರು ಅಜ್ಜಿಯಲ್ಲ. ಸೆನ್ಯೋರಾ.

ಎರಡು ಸಾವಿರದ ಹತ್ತರ ನಂತರದ ವರ್ಷಗಳ ಮಾತಿದು. ಒನೆಹುಂಗಾದ ಅಂಗಡಿ ಬೀದಿಯ ಕೊನೆಯಲ್ಲಿ, ಕಾರ್ಖಾನೆಗಳು ಶುರುವಾಗುವ ಕಡೆ, ಹದಿಹರೆಯದವರಿಗಾಗಿ ಒಂದು ಆರೋಗ್ಯ ಕೇಂದ್ರವಿತ್ತು. ಅದರ ರಿಸೆಪ್ಷನ್ ಕೌಂಟರಿನ ಹಿಂದೆ ನಾನು ಕೂರುತ್ತಿದ್ದೆ. ಹಿಂದಿನ ಸಣ್ಣ ಕೋಣೆಯಲ್ಲಿ ಅವರು. ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುವುದು ಅವರ ಕೆಲಸ. ಕನ್ನಡದಲ್ಲಿ ಆಪ್ತಸಮಾಲೋಚಕಿ ಅನ್ನಬೇಕೇನೋ, ನಾವೆಲ್ಲ ಕೌನ್ಸೆಲರ್ ಅನ್ನುತ್ತಿದ್ದೆವು. ಲ್ಯಾಟಿನ್ ಅಮೆರಿಕದಿಂದ ಬಂದ ಕುಟುಂಬಗಳ ಮಕ್ಕಳನ್ನು ಊರಿನ ಯಾವ ಮೂಲೆಯಿಂದಲಾದರೂ ಅವರ ಹತ್ತಿರವೇ ಕಳಿಸುತ್ತಿದ್ದರು, ಏಕೆಂದರೆ ಸ್ಪ್ಯಾನಿಷ್ ಬಲ್ಲ ಕೌನ್ಸೆಲರ್ ನಮ್ಮ ಕಡೆ ಅವರೊಬ್ಬರೇ. ಅವರ ದೇಶ ಚಿಲಿ. ಅರವತ್ತು ದಾಟಿತ್ತು. ಗಿಡ್ಡ ದೇಹ, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಶೂ ಲೇಸಿಗೆ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ ಕನ್ನಡಕ.

ಈ ದೇಶದಲ್ಲಿ ಮೇಲಧಿಕಾರಿಯಿಂದ ಹಿಡಿದು ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೋ ನಾಲಿಗೆ ಹೊರಳದು. ನಮ್ಮ ಕನ್ನಡದವರ ನಡುವೆಯಾದರೆ ಆಂಟಿ ಅಂದು ಪಾರಾಗಬಹುದು. ಆಫೀಸಿನಲ್ಲಿ ಹಾಗಂದರೆ ಏನಂದುಕೊಂಡಾರೋ ಎಂಬ ಅಳುಕು. ಅವರ ಹತ್ತಿರ ಬರುವ ತಾಯಂದಿರು "ಸೆನ್ಯೋರಾ" ಅನ್ನುವುದನ್ನು ಕೇಳಿಸಿಕೊಂಡೆ. ನಮ್ಮ "ಅಮ್ನೋರು" ಇದ್ದ ಹಾಗೆ ಆ ಮಾತು. ಅದನ್ನೇ ಹಿಡಿದುಕೊಂಡೆ. ಅವರ ಜೊತೆ ಐದಾರು ವರ್ಷ ಕೆಲಸ ಮಾಡಿದರೂ ಒಂದು ದಿನವಾದರೂ ಅವರ ಹೆಸರನ್ನು ಬಾಯಲ್ಲಿ ಆಡಿದವಳಲ್ಲ.

ನಾಗದಾಳಿಯ ಕುಂಡ ಅವರದೇ. ತಮ್ಮ ಕೋಣೆಗೆ ಬಿಸಿಲು ಬರುವುದಿಲ್ಲವೆಂದು ನನ್ನ ಕೌಂಟರಿನ ಮೇಲೆ ತಂದಿಟ್ಟಿದ್ದರು. ಅವರ ಕಡೆ ಅದಕ್ಕೆ ರೂದಾ ಅನ್ನುತ್ತಾರಂತೆ. ಕಣ್ಣುಬಿದ್ದದ್ದಕ್ಕೆ, ಹೆದರಿಕೆಗೆ, ಎಲ್ಲಕ್ಕೂ ಅದೇ. ಬಂದವರೆಲ್ಲ ಒಂದೊಂದು ಎಲೆ ಚಿವುಟಿ ಮೂಸುವುದು, ನನ್ನ ಫಾರಂಗಳ ಮೇಲೆ ಉದುರಿಸುವುದು. ನಾನು ಮುಖ ಗಂಟಿಕ್ಕಿಕೊಂಡು ಒರೆಸುವುದು. ಕೌಂಟರ್ ನೀಟಾಗಿರಬೇಕೆಂಬ ಹುಚ್ಚು ನನಗೆ ಆಗ ಬಹಳ ಇತ್ತು.

ಕೌಂಟರ್ ಮಾತ್ರವಲ್ಲ, ಎಲ್ಲವೂ ನೀಟಾಗಿರಬೇಕು. ಅರ್ಜಿಯ ಪ್ರತಿಯೊಂದು ಚೌಕವೂ ತುಂಬಿರಬೇಕು. ಇದರ ಹಿಂದೆ ನನ್ನದೇ ಒಂದು ಕಥೆಯಿದೆ. ಮೈಸೂರಿನಲ್ಲಿ ನಾನು ಎನ್. ಸುಮಾ, ಅಷ್ಟೇ. ಆ ಎನ್ ಎಂದರೆ ನಂಜುಂಡಯ್ಯ, ನಮ್ಮಪ್ಪ. ಪಾಸ್‌ಪೋರ್ಟಿಗೆ ಸರ್‌ನೇಮ್ ಬೇಕೇ ಬೇಕು ಎಂದಾಗ ಎನ್ ಅನ್ನು ಬಿಡಿಸಿ ಕೊನೆಗೆ ಹಾಕಿದರು. ಮದುವೆಯಾದ ಮೇಲೂ ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ಹಾಗಾಗಿ ನ್ಯೂಜಿಲೆಂಡಿನ ಬ್ಯಾಂಕು, ಲೈಬ್ರರಿ, ಹಲ್ಲಿನ ಡಾಕ್ಟರು ಎಲ್ಲರಿಗೂ ನಾನು ಮಿಸೆಸ್ ನಂಜುಂಡಯ್ಯ. ಲೆಕ್ಕಕ್ಕೆ ನಮ್ಮಮ್ಮನೇ ಆಗಿಬಿಟ್ಟೆ! ಊರು ಬಿಟ್ಟು ಬೆಂಗಳೂರಿನಾಚೆಗೆ ಹೋದವರಲ್ಲ ನಮ್ಮಪ್ಪ. ನಾನು ಇಲ್ಲಿಗೆ ಬಂದ ಎರಡನೇ ವರ್ಷ ತೀರಿಕೊಂಡರು. ಆದರೂ ಯಾವುದೋ ಬ್ಯಾಂಕಿನ ಹುಡುಗ "ನಂಜೂನ್‌ಡಾಯಾ?" ಎಂದು ತೊದಲಿ ಕರೆದಾಗ, ಅಪ್ಪ ಜೊತೆಯಲ್ಲೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ ಅನ್ನಿಸಿ ಒಳಗೊಳಗೇ ಖುಷಿಯಾಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯವೆಂದು ತೋರಿರಲೂ ಇಲ್ಲ.

ಇಷ್ಟು ಗೊತ್ತಿದ್ದವಳು ನಾನು ಮಾಡಿದ ತಪ್ಪು ನೋಡಿ.

ಕೊಲಂಬಿಯಾದಿಂದ ನಿರಾಶ್ರಿತರಾಗಿ ಬಂದ ಒಬ್ಬ ತಾಯಿ, ಹದಿನೈದು ವರ್ಷದ ಮಗಳು. ಶಾಲೆಯವರು ಬರೆದ ಪತ್ರ ನನ್ನ ಮೇಜಿಗೆ ಬಂತು. ಹುಡುಗಿ ತರಗತಿಯಲ್ಲಿ ಮಾತೇ ಆಡುವುದಿಲ್ಲ, ಬಾಗಿಲು ಜೋರಾಗಿ ಹಾಕಿದರೆ ಮೇಜಿನಡಿ ಸೇರಿಕೊಳ್ಳುತ್ತಾಳೆ, ನಿದ್ದೆಯಿಲ್ಲ. ತಂದೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರನ್ನು ಬಂದೂಕಿನವರು ಕರೆದೊಯ್ದಿದ್ದರು, ಹಿಂತಿರುಗಲಿಲ್ಲ. ದೇಹವೂ ಸಿಕ್ಕಿರಲಿಲ್ಲ. ಪತ್ರ ಓದಿ ಸೆನ್ಯೋರಾ ತಮ್ಮ ಡೈರಿಯಲ್ಲಿ ಹೇಗೋ ಜಾಗ ಮಾಡಿ, ಗುರುವಾರ ಹತ್ತು ಗಂಟೆ ಎಂದು ಗೊತ್ತುಮಾಡಿದರು. ಹುಡುಗಿಯ ವಿವರಗಳನ್ನು ಕಂಪ್ಯೂಟರಿಗೆ ಏರಿಸಿದವಳು ನಾನು.

ಹೆಸರಿನ ಜಾಗದಲ್ಲಿ ನಾಲ್ಕು ಪದಗಳಿದ್ದವು. ಕಂಪ್ಯೂಟರು ಕೇಳುವುದು ಮೊದಲ ಹೆಸರು, ಕೊನೆಯ ಹೆಸರು. ಮೊದಲನೆಯದನ್ನು ಮೊದಲು ಹಾಕಿದೆ, ಕೊನೆಯದನ್ನು ಕೊನೆಗೆ ಹಾಕಿದೆ, ನಡುವಿನ ಎರಡಕ್ಕೂ ಒಂದೊಂದು ಅಕ್ಷರ. ಜಾಸ್ಮಿನ್ ಎ. ಆರ್. ಸಾಲಸ್. ಎಷ್ಟು ಚೆಂದ ಕೂತಿತು! ಜಾಸ್ಮಿನ್ ಎಂದರೆ ಮಲ್ಲಿಗೆ, ನನ್ನ ಊರಿನ ಹೂವು, ಉಚ್ಚಾರಣೆಗೆ ಕಷ್ಟವೇ ಇಲ್ಲ ಎಂದು ಸಮಾಧಾನ ಬೇರೆ.

ಗುರುವಾರ ಹತ್ತಕ್ಕೆ ಎದ್ದು ನಿಂತು ಕರೆದೆ. ಕಾಯುವ ಹಾಲಿನ ತುಂಬ ಜನ, ಹಲ್ಲಿನ ಡಾಕ್ಟರಿಗೂ ನರ್ಸಿಗೂ ಕಾಯುವವರು ಎಲ್ಲ ಅಲ್ಲೇ. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದೆ, ಇಲ್ಲ. "ಬರಲಿಲ್ಲ" ಎಂದು ಒತ್ತಿದೆ. ಕಿಟಕಿಯ ಕೆಳಗಿನ ಬೆಂಚಿನಲ್ಲಿ ಒಬ್ಬ ತಾಯಿ ಮಗಳು ಹನ್ನೆರಡರವರೆಗೂ ಕೂತಿದ್ದು ಎದ್ದು ಹೋದರು. ಹಲ್ಲಿನವರಿರಬೇಕು ಅಂದುಕೊಂಡೆ. ಮುಂದಿನ ಗುರುವಾರ ತಾಯಿಗೆ ಕೆಲಸವಿತ್ತೋ ಏನೋ, ಹುಡುಗಿ ಒಬ್ಬಳೇ ಕೂತಿದ್ದಳು, ಪ್ಲಾಸ್ಟಿಕ್ ಫೈಲೊಂದನ್ನು ಎದೆಗೆ ಅವಚಿಕೊಂಡು. ಕರೆದೆ, ಯಾರೂ ಏಳಲಿಲ್ಲ, "ಬರಲಿಲ್ಲ". ಮೂರನೇ ಗುರುವಾರವೂ ಅದೇ ಕಥೆ. ಮೂರು ಸಲ ಬರದಿದ್ದರೆ ಫೈಲು ಮುಚ್ಚಬೇಕು, ಅದು ನಿಯಮ. ಸಂಜೆ ಐದಕ್ಕೆ ಪತ್ರ ತಾನಾಗಿ ಪ್ರಿಂಟ್ ಆಗುತ್ತದೆ. ಮತ್ತೆ ಸರದಿಗೆ ಸೇರಿದರೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರೊಳಗೆ ಆ ಹುಡುಗಿ ಶಾಲೆ ಬಿಟ್ಟುಬಿಡುತ್ತಾಳೆ ಎಂದು ಶಾಲೆಯವರು ಮೊದಲೇ ಎಚ್ಚರಿಸಿದ್ದರು.

"ಇವತ್ತೂ ಬರಲಿಲ್ಲವಾ?" ಎಂದು ಸೆನ್ಯೋರಾ ಹೊರಗೆ ಬಂದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದದ್ದು. ಅದ್ಯಾಕೋ ನೆನಪಿನಲ್ಲಿ ಕನ್ನಡವಾಗಿಯೇ ಉಳಿದುಕೊಂಡಿದೆ.

"ಎರಡೆರಡು ಸಲ ಕರೆದೆ" ಎಂದೆ, ತುಸು ಜಂಬದಿಂದಲೇ.

ಅವರು ಹಾಲಿನ ಕಡೆ ನೋಡುತ್ತ ನಿಂತರು. ಆಮೇಲೆ ಕುಂಡದಿಂದ ಒಂದು ಎಸಳು ಚಿವುಟಿಕೊಂಡು ಹೋಗಿ ಬೆಂಚಿನಲ್ಲಿ ಆ ಹುಡುಗಿಯ ಪಕ್ಕ ಕೂತರು. ಮಾತಾಡಿಸಲಿಲ್ಲ. ಮುಖವನ್ನೂ ನೋಡಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಮುಂದೆ ನೋಡುತ್ತ, ಎಲೆಯನ್ನು ಬೆರಳುಗಳ ನಡುವೆ ತಿಕ್ಕುತ್ತ ಇದ್ದರು. ಘಾಟು ನನ್ನವರೆಗೂ ಬಂತು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯೇ ಕೈ ಚಾಚಿದಳು. ಎಲೆಯನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿದ್ದು ಕಾಣಿಸಿತು... ಏನಂದಳೋ ಕೇಳಿಸಲಿಲ್ಲ. ಆಮೇಲೆ ಫೈಲಿನಿಂದ ನಮ್ಮದೇ ಪತ್ರ ತೆಗೆದು ಅದರ ಹಿಂದೆ ಏನೋ ಬರೆದು ಕೊಟ್ಟಳು.

ಸೆನ್ಯೋರಾ ಅದನ್ನು ತಂದು ನನ್ನ ಮುಂದಿಟ್ಟರು. ಅದೇ ನಾಲ್ಕು ಪದ. ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಎದೆಯ ಮೇಲಿದ್ದ ಬ್ಯಾಡ್ಜಿನತ್ತ ಬೆರಳು ತೋರಿಸಿ ಕೇಳಿದರು:

"ನಂಜುಂಡಯ್ಯ ಯಾರು?"

"ನಮ್ಮಪ್ಪ."

"ಅವರನ್ನು ಒಂದು ಅಕ್ಷರ ಮಾಡಿ ಮಧ್ಯದಲ್ಲಿ ಸಿಕ್ಕಿಸಿ, ನಿನ್ನನ್ನು ಬೇರೆ ಹೆಸರಿಂದ ಕರೆದರೆ ಏಳುತ್ತೀಯಾ?"

ನನಗೆ ತಕ್ಷಣ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಅವರ ಕಡೆ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು, ಮೊದಲು ತಂದೆಯದು, ಆಮೇಲೆ ತಾಯಿಯದು. ಜನ ಕರೆಯುವುದು ತಂದೆಯದರಿಂದ. ಸಾಲಸ್ ತಾಯಿಯ ಕಡೆಯದು. ನಾನು ಆರ್ ಎಂದು ಮೊಟಕು ಮಾಡಿದ್ದೆನಲ್ಲ, ಅದು ಅವಳ ಅಪ್ಪ. ಇನ್ನು ಜಾಸ್ಮಿನ್ ಎಂಬುವವಳು ಭೂಮಿಯ ಮೇಲೆ ಇರಲೇ ಇಲ್ಲ. ಜೆ ಎಂದು ಬರೆದರೂ ಅವರು ಹ ಎಂದು ಓದುತ್ತಾರೆ. ಅವಳು ಹಸ್ಮಿನ್. ಮೊದಲ ವಾರ ನಾನು ಕರೆದದ್ದು ತಮ್ಮನ್ನೇ ಎಂದು ಅವಳಿಗೂ ತಾಯಿಗೂ ಗೊತ್ತೇ ಆಗಿರಲಿಲ್ಲ. ಕಚೇರಿಗಳಲ್ಲಿ ಕರೆಯುವವರೆಗೆ ಸುಮ್ಮನೆ ಕೂರಬೇಕು, ಕೇಳಬಾರದು ಎಂದು ವರ್ಷಗಟ್ಟಲೆ ಕಲಿತು ಬಂದವರು. ಎರಡನೇ ವಾರದ ಹೊತ್ತಿಗೆ ಹುಡುಗಿಗೆ ಗೊತ್ತಾಗಿತ್ತು. ಆದರೂ ಎದ್ದಿರಲಿಲ್ಲ.

"ಯಾಕೆ?" ಅಂದೆ.

"ಆ ಹೆಸರಿಗೆ ಎದ್ದರೆ ಅಪ್ಪ ಇಲ್ಲ ಅಂತ ಒಪ್ಪಿಕೊಂಡ ಹಾಗೆ ಅಂತಾಳೆ."

ಕಂಪ್ಯೂಟರಿನ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು, ಬಾಯಿಗೂ ಬಂದಿತ್ತು. ಆದರೆ ಕಂಪ್ಯೂಟರು ಯಾರ ಅಪ್ಪನನ್ನೂ ತಾನಾಗಿ ಮೊಟಕು ಮಾಡಿರಲಿಲ್ಲ. ಮಾಡಿದವಳು ನಾನು, ಅದೂ ಅಪ್ಪನ ಹೆಸರನ್ನು ಎದೆಯ ಮೇಲೆ ಸಿಕ್ಕಿಸಿಕೊಂಡು ಕೂತವಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಐದು ಗಂಟೆಗೆ ಮುಂಚೆ ಮ್ಯಾನೇಜರ್ ಹತ್ತಿರ ಓಡಿದೆ. ಆಕೆ ಮಾವೋರಿ ಹೆಂಗಸು, ದೊಡ್ಡ ಆಳು, ದೊಡ್ಡ ನಗು. "ಆ ಹುಡುಗಿ ಮೂರು ಸಲವೂ ಬಂದಿದ್ದಳು, ನಾನೇ ಅವಳನ್ನು ಕರೆದಿಲ್ಲ" ಎಂದೆ. ಆಕೆ ಪೂರ್ತಿ ಕೇಳಿಸಿಕೊಂಡರು. ತಮ್ಮವರು ಸಭೆಯಲ್ಲಿ ತಮ್ಮ ಹೆಸರು ಹೇಳುವುದಕ್ಕೆ ಮೊದಲು ತಮ್ಮ ಬೆಟ್ಟ, ನದಿ, ಹಿರಿಯರನ್ನು ಹೇಳುತ್ತಾರೆ ಎಂದು ನೆನಪಿಸಿ, ಮೂರು "ಬರಲಿಲ್ಲ"ಗಳನ್ನೂ ತಮ್ಮ ಕೈಯಾರೆ ಅಳಿಸಿದರು. ಹೆಸರನ್ನು ತಿದ್ದುವುದು ಮಾತ್ರ ಅವರ ಕೈಯಲ್ಲೂ ಇರಲಿಲ್ಲ. ಅದಕ್ಕೆ ಮೇಲಿನಿಂದ ಕಾಗದ ಬರಬೇಕು, ತಿಂಗಳುಗಳು ಹಿಡಿಯುತ್ತವೆ.

ಅವತ್ತು ಸಂಜೆ ಬಸ್ ಸ್ಟಾಪಿನ ಪಕ್ಕದ ಡೈರಿಯಲ್ಲಿ ಒಂದು ನೋಟ್‌ಬುಕ್ ಕೊಂಡೆ. ಡೈರಿ ಎಂದರೆ ಹಾಲಿನದಲ್ಲ, ಇಲ್ಲಿ ಮೂಲೆಯ ಅಂಗಡಿಗೆ ಹಾಗನ್ನುತ್ತಾರೆ. ಕೆಂಪು ರಟ್ಟು. ಮೊದಲ ಪುಟದಲ್ಲಿ "ಕರೆಯುವ ಹೆಸರು" ಎಂದು ಬರೆದೆ. ಹುಡುಗಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದೆ, ಮತ್ತೆ ಜಾಸ್ಮಿನ್ ಎಂದೇ ಓದಿಸಿತು. ಆಗ ಹೊಳೆಯಿತು, ಕನ್ನಡದಲ್ಲಿ ಬರೆದರಾಯಿತು! ನಮ್ಮ ಲಿಪಿಯಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಓದಬೇಕು, ಬೇರೆ ದಾರಿಯಿಲ್ಲ. ಸೆನ್ಯೋರಾ ಹೇಳಿಕೊಟ್ಟಂತೆ ಬರೆದುಕೊಂಡೆ. ರಿಂಕೋನ್ ಎಂಬಲ್ಲಿ ಮಾತ್ರ ತೊಡಕಾಯಿತು. ಅವರ ರ ನಮ್ಮದಕ್ಕಿಂತ ಗಡಸು, ಗುಡುಗುಡು ಅನ್ನುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹಳಗನ್ನಡದ ಶಕಟರೇಫವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದು ನೆನಪಾಯಿತು. ಯಾವ ಕಾಲಕ್ಕೆ ಬಿಟ್ಟುಹೋದ ಅಕ್ಷರವೋ, ಒನೆಹುಂಗಾದಲ್ಲಿ ಕೆಲಸಕ್ಕೆ ಬಂತು. ಹಸ್ಮಿನ್ ಆಂದ್ರೆಯಾ ಱಿಂಕೋನ್ ಸಾಲಸ್.

ಆ ವಾರವೆಲ್ಲ ಒಗ್ಗರಣೆ ಹಾಕುವಾಗ, ಬಟ್ಟೆ ಮಡಿಸುವಾಗ ಅದೇ ಅಭ್ಯಾಸ. "ಏನೇ, ಆಟೋ ಸ್ಟಾರ್ಟ್ ಆಗ್ತಿಲ್ವಾ?" ಎಂದು ಗಂಡ ಛೇಡಿಸುತ್ತಿದ್ದರು.

ಗುರುವಾರ ಬಂತು. ಹುಡುಗಿ ಬೆಂಚಿನಲ್ಲಿದ್ದಳು, ಈ ಸಲ ತಾಯಿಯೂ ಇದ್ದರು. ಸೆನ್ಯೋರಾ ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಆದರೆ ಕರೆಯಲು ಮುಂದೆ ಬರಲಿಲ್ಲ. ತಪ್ಪು ಮಾಡಿದವಳೇ ತಿದ್ದಲಿ ಎಂದು ಬಿಟ್ಟಿದ್ದರು. ಇವತ್ತೂ ಏಳದಿದ್ದರೆ ಈ ಹುಡುಗಿಯನ್ನು ಕಳೆದುಕೊಂಡ ಪಾಪ ನನ್ನದೇ ಎಂಬ ಭಯ. ನೋಟ್‌ಬುಕ್ ಬಿಡಿಸಿಕೊಂಡು ನಿಂತು, ಒಂದೊಂದೇ ಅಕ್ಷರ ನೋಡಿಕೊಂಡು, ನಾಲ್ಕು ಹೆಸರನ್ನೂ ಪೂರ್ತಿ ಕರೆದೆ. ಶಕಟರೇಫವನ್ನು ಚೆನ್ನಾಗಿಯೇ ಉರುಳಿಸಿದೆ.

ಹುಡುಗಿ ತಲೆ ಎತ್ತಿದಳು. ನನ್ನನ್ನೇ ನೋಡಿದಳು. ಎದ್ದು ನಿಂತು, "ಪ್ರೆಸೆಂತೆ" ಅಂದಳು.

ಸಣ್ಣ ದನಿ, ಆದರೆ ಹಾಲಿಗೆಲ್ಲ ಕೇಳಿಸಿತು. ಶಾಲೆಯಲ್ಲಿ ಹಾಜರಿ ಕೂಗಿದಾಗ ಅಲ್ಲಿನ ಮಕ್ಕಳು ಹಾಗನ್ನುತ್ತಾರಂತೆ, ನಮ್ಮಲ್ಲಿ "ಹಾಜರ್ ಸಾರ್" ಅನ್ನುವ ಹಾಗೆ. ತಾಯಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಪಕ್ಕದಲ್ಲಿದ್ದ ಸಮೋವಾದ ಅಜ್ಜಿಯೊಬ್ಬರು ಏನೂ ಗೊತ್ತಿಲ್ಲದಿದ್ದರೂ ನಕ್ಕು ತಲೆಯಾಡಿಸಿದರು. ಬಾಗಿಲಲ್ಲಿ ಸೆನ್ಯೋರಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ನಾನಂತೂ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಕೋಣೆಯೊಳಗೆ ಆಮೇಲೆ ನಡೆದದ್ದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವಂಥದ್ದಲ್ಲ. ಹೊರಗೆ ಕಂಡದ್ದನ್ನು ಹೇಳಬಲ್ಲೆ. ಮಗಳಿಗೆ ಏನಾಗಿದೆ ಎಂದು ಕೇಳಿದರೆ ತಾಯಿ ಒಂದೇ ಮಾತು ಹೇಳುತ್ತಿದ್ದರು: ಸುಸ್ತೋ. ಆಯಾಸದ ಸುಸ್ತೇ ಅಂದುಕೊಂಡೆ ನಾನು! ಸೆನ್ಯೋರಾ ನಕ್ಕು ತಿಳಿಸಿದರು. ಭಾರಿ ಹೆದರಿಕೆಯಾದಾಗ ಜೀವ ಮೈಯಿಂದ ಹಾರಿಹೋಗಿ, ಹೆದರಿದ ಜಾಗದಲ್ಲೇ ಉಳಿದುಬಿಡುತ್ತದಂತೆ. ಅದನ್ನು ಕರೆದು ತರಬೇಕಂತೆ. ನಮ್ಮಲ್ಲೂ ಮಗು ಬೆಚ್ಚಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ ಎಂದೆ. "ಮತ್ತೆ, ಗೊತ್ತಲ್ಲ ನಿನಗೆ" ಅಂದರು.

ವಾರಕ್ಕೊಮ್ಮೆ ಬರುವ ಡಾಕ್ಟರು ಕಾಯಿಲೆಯ ಇಂಗ್ಲಿಷ್ ಹೆಸರನ್ನಷ್ಟೇ ಬರೆಯಿರಿ ಅಂದಾಗ ಸೆನ್ಯೋರಾ ಎರಡನ್ನೂ ಬರೆದರು, ಮೇಲೆ ತಾಯಿ ಹೇಳಿದ್ದು, ಕೆಳಗೆ ಡಾಕ್ಟರು ಹೇಳಿದ್ದು. ಡಾಕ್ಟರ ಮಾತನ್ನು ಅವರು ಎಂದೂ ಬದಿಗಿಟ್ಟವರಲ್ಲ. ಕೊಡಬೇಕಾದ ಔಷಧಿ ಕೊಡಿಸಿದರು. ಆದರೆ ಪ್ರತಿ ಗುರುವಾರದ ಮೊದಲ ಹತ್ತು ನಿಮಿಷ ತಾಯಿಯದು. ಆ ತಾಯಿ ನನ್ನ ಕೌಂಟರಿನಿಂದ ರೂದಾದ ಒಂದು ಕಟ್ಟು ಮುರಿದುಕೊಂಡು ಹೋಗಿ, ಮಗಳ ತಲೆಯಿಂದ ಕಾಲಿನವರೆಗೆ ಸವರುತ್ತ ಅವಳ ಹೆಸರನ್ನು ಮತ್ತೆ ಮತ್ತೆ ಕರೆಯುತ್ತಿದ್ದರು. ಬಾ, ಬಾ ಅನ್ನುತ್ತಿದ್ದರಂತೆ. ಆಮೇಲೆ ತಾಯಿ ಹೊರಗೆ ಬಂದು ಬೆಂಚಿನಲ್ಲಿ ಕೂರುವುದು, ಸೆನ್ಯೋರಾ ತಮ್ಮ ಕೆಲಸ ಶುರು ಮಾಡುವುದು. ಕಾರ್ಪೆಟ್ಟಿನ ಮೇಲೆ ಉದುರಿದ ಎಲೆಗಳನ್ನು ನಾನು ಮುಖ ಗಂಟಿಕ್ಕದೆ ಗುಡಿಸುತ್ತಿದ್ದೆ.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಬಾರದ ಗುರುವಾರಗಳೂ ಇದ್ದವು, ಬಂದು ಒಂದು ಮಾತೂ ಆಡದೆ ಹೋದ ದಿನಗಳೂ ಇದ್ದವು. ಆದರೆ ಹುಡುಗಿ ಶಾಲೆ ಬಿಡಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ಕೌಂಟರಿನ ಹತ್ತಿರ ನಿಂತು ನೋಟ್‌ಬುಕ್ಕಿನೊಳಗೆ ಇಣುಕತೊಡಗಿದಳು. ಇದರಲ್ಲಿ ನಾನೆಲ್ಲಿದ್ದೇನೆ ಎಂದು ಕೇಳಿದಳು. ತೋರಿಸಿದೆ. ಬೇರೆ ಕಾಗದದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಅವಳ ಅಪ್ಪನ ಱಿಂಕೋನ್ ಮೇಲೆ ಬೆರಳಾಡಿಸಿ, ನನ್ನ ರ ಇನ್ನೂ ಸುಧಾರಿಸಬೇಕು ಎಂದು ಹೇಳಿ ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು.

ಪುಸ್ತಕ ಬೆಳೆಯಿತು. ಬಂದವರನ್ನೆಲ್ಲ ನಿಮ್ಮನ್ನು ಮನೆಯಲ್ಲಿ ಹೇಗೆ ಕರೆಯುತ್ತಾರೆ, ಇಲ್ಲಿ ಹೇಗೆ ಕರೆಯಲಿ ಎಂದು ಕೇಳುವುದೇ ರೂಢಿಯಾಯಿತು. ಟೊಂಗಾದವರು, ಇಥಿಯೋಪಿಯಾದವರು, ಬರ್ಮಾದವರು ಎಲ್ಲ ಕನ್ನಡ ಲಿಪಿಯಲ್ಲಿ ಬಂದು ಸೇರಿದರು. ನಾನು ರಜೆ ಹಾಕಿದ ದಿನ ಕೂರುವ ಹುಡುಗಿಗೆ ಮಾತ್ರ ಫಜೀತಿ, ಒಂದಕ್ಷರವೂ ಓದಲಾಗದು. ಮ್ಯಾನೇಜರಿಗೆ ಅದೂ ಖುಷಿಯೇ. "ಇಡೀ ಆಕ್ಲೆಂಡಿನಲ್ಲಿ ಇದಕ್ಕಿಂತ ಭದ್ರವಾದ ಫೈಲಿಲ್ಲ" ಅನ್ನುತ್ತಿದ್ದರು. ಮೌಂಟ್ ರಾಸ್ಕಿಲ್‌ನ ಕನ್ನಡದವರ ಎದುರು ಈ ಮಾತು ಆಡಬೇಡಿ ಎಂದು ನಾನು ಕೇಳಿಕೊಂಡಿದ್ದೆ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ನನ್ನ ಡಬ್ಬಿಯ ಚಿತ್ರಾನ್ನ ಇಬ್ಬರಿಗೂ. ಸೆನ್ಯೋರಾ ತಮ್ಮ ಕಥೆ ಹೇಳಿದ್ದು ಆಗಲೇ, ಅದೂ ನಾಲ್ಕೇ ಮಾತಿನಲ್ಲಿ. ಅವರ ದೇಶದಲ್ಲಿ ಸೈನ್ಯ ಆಡಳಿತ ಹಿಡಿದಿದ್ದ ಕಾಲ. ಅಣ್ಣನನ್ನು ಮನೆಯಿಂದ ಎಳೆದೊಯ್ದರು. ಇವರು ಇಪ್ಪತ್ತೆರಡರ ಹುಡುಗಿ, ಅಮ್ಮನ ಜೊತೆ ಇಲ್ಲಿಗೆ ಬಂದರು. ಬಂದ ದಿನವೇ ಕೌಂಟರಿನಲ್ಲಿದ್ದವನು ಇವರ ಹೆಸರಿನ ಕೊನೆಯ ಪದವನ್ನಷ್ಟೇ ಇಟ್ಟುಕೊಂಡು ತಂದೆಯ ಮನೆತನವನ್ನು ಬಿಟ್ಟುಬಿಟ್ಟ. ಅಣ್ಣನದೂ ಅದೇ ಮನೆತನ. ಅಲ್ಲಿಂದಾಚೆ ಇಲ್ಲಿನ ಯಾವ ಕಾಗದದಲ್ಲೂ ಅವರು ಅಣ್ಣನ ತಂಗಿಯಲ್ಲ.

"ತಿದ್ದಿಸಲಿಲ್ಲವಾ?" ಎಂದು ಕೇಳಿದೆ.

"ಜೀವ ಉಳಿಯಿತಲ್ಲ, ಹೆಸರು ಹೋದರೆ ಹೋಗಲಿ ಅಂದುಕೊಂಡೆ. ಚಿಕ್ಕವಳು..." ಎಂದು ಚಮಚ ಕೆಳಗಿಟ್ಟರು.

ನಾನು ಒಳಗೆ ಹೋಗಿ ನೋಟ್‌ಬುಕ್ ತಂದೆ. ಕೊನೆಯ ಪುಟ ತೆರೆದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ, ಪೂರ್ತಿ ಹೆಸರು, ಅಣ್ಣನ ಮನೆತನ ಸಮೇತ. ಕೊರಳಲ್ಲಿದ್ದ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಎಷ್ಟು ದುಂಡಗಿದೆ" ಅಂದರು. ಓದು ಎಂದು ಅವರು ಕೇಳಲಿಲ್ಲ, ನಾನೂ ಓದಲಿಲ್ಲ. ಆಮೇಲೂ ಅವರು ನನಗೆ ಸೆನ್ಯೋರಾ ಆಗಿಯೇ ಇದ್ದರು.

ಅವರು ನಿವೃತ್ತರಾದ ಮೇಲೆ ಕುಂಡವನ್ನು ನನಗೇ ಬಿಟ್ಟುಹೋದರು. ಕೇಂದ್ರ ಬೇರೆ ಕಟ್ಟಡಕ್ಕೆ ಹೋದಾಗ ಸಾಗಣೆಯವರ ಕೈಯಲ್ಲಿ ಅದು ಎಲ್ಲೋ ಕಳೆದುಹೋಯಿತು. ಇನ್ನೊಂದು ತಂದಿಡಬೇಕು ಅಂದುಕೊಂಡೆ, ನಾಳೆ ನಾಡಿದ್ದು ಎನ್ನುತ್ತ... ಅಷ್ಟರಲ್ಲಿ ಅವರಿಗೆ ಕಾಯಿಲೆಯೆಂದು ಸುದ್ದಿ ಬಂತು. ನೋಡಲು ಹೋದಾಗ ಚೆನ್ನಾಗಿಯೇ ಮಾತಾಡಿದರು, ಚಿತ್ರಾನ್ನ ಯಾಕೆ ತರಲಿಲ್ಲ ಎಂದು ಜಗಳವಾಡಿದರು. ಮುಂದಿನ ವಾರ ತರುತ್ತೇನೆ ಎಂದೆ. ಮುಂದಿನ ವಾರ ಅವರಿರಲಿಲ್ಲ.

ಅವರನ್ನು ನೆನೆಯಲು ಒಂದು ಹಾಲಿನಲ್ಲಿ ಎಲ್ಲರೂ ಸೇರಿದ್ದೆವು. ಹಸ್ಮಿನ್ ಬಂದಿದ್ದಳು, ಇಪ್ಪತ್ತು ದಾಟಿದ ಹೆಂಗಸಾಗಿ. ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ ಅಂದಳು. ಅವರ ಕಡೆ ತೀರಿಕೊಂಡವರ ಹೆಸರನ್ನು ಒಬ್ಬರು ಎದ್ದು ಗಟ್ಟಿಯಾಗಿ ಕರೆಯುವ ಪದ್ಧತಿ ಇದೆಯಂತೆ. ಆಗ ಅವರ ಪರವಾಗಿ ಉಳಿದವರೆಲ್ಲ ಹಾಜರಿ ಹೇಳಬೇಕಂತೆ. ಯಾರು ಕರೆಯಬೇಕು ಎಂಬ ಮಾತು ಬಂದಾಗ ಹಸ್ಮಿನ್ ನೇರವಾಗಿ ನನ್ನ ಹತ್ತಿರ ಬಂದಳು. "ನೀವೇ ಕರೀಬೇಕು. ಕರೆಯೋರು ನೀವೇ ಅಲ್ವಾ?" ಎಂದಳು. ಸೆನ್ಯೋರಾ ಅವರ ಮಗಳೂ ಹೂಂ ಅಂದರು.

ನೋಟ್‌ಬುಕ್ ನನ್ನ ಬ್ಯಾಗಿನಲ್ಲಿತ್ತು. ಯಾಕೆ ಇಟ್ಟುಕೊಂಡು ಹೋಗಿದ್ದೆನೋ ತಿಳಿಯದು. ಕೊನೆಯ ಪುಟ ತೆರೆದು ಎದ್ದು ನಿಂತೆ. ಅಷ್ಟು ವರ್ಷ ದಿನಕ್ಕೆ ಹತ್ತಿಪ್ಪತ್ತು ಹೆಸರು ಕರೆದವಳು, ಆ ಒಂದು ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ದುಂಡಗಿನ ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು. ಹೇಗೋ ಕರೆದೆ, ಪೂರ್ತಿ, ಅವರ ಅಣ್ಣನ ಮನೆತನ ಸಮೇತ. ಕರೆದು, ಅಭ್ಯಾಸಬಲದಿಂದ, ಯಾರು ಏಳುತ್ತಾರೆ ಎಂದು ಹಾಲಿನ ಕಡೆ ನೋಡಿದೆ.

ಯಾರೂ ಏಳಲಿಲ್ಲ.

ಒಂದು ಕ್ಷಣ ಅಷ್ಟೇ. ಆಮೇಲೆ ಇಡೀ ಸಭೆ ಒಟ್ಟಿಗೆ "ಪ್ರೆಸೆಂತೆ" ಅಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಹಸ್ಮಿನ್ ದನಿ. ನನ್ನ ಬಾಯಿಂದ ಮಾತ್ರ "ಹಾಜರ್" ಎಂದು ಬಂತು.

ಹೊಸ ನಾಗದಾಳಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ. ಗಂಡ ಅದರ ಸುದ್ದಿಗೆ ಹೋಗುವುದಿಲ್ಲ. ಮಗಳು ಮೂಗು ಮುರಿಯುತ್ತಲೇ ಹೋಗುವಾಗ ಬರುವಾಗ ಒಂದೊಂದು ಎಲೆ ಚಿವುಟುತ್ತಾಳೆ, ನಾನು ನೋಡಿಯೂ ನೋಡದ ಹಾಗಿರುತ್ತೇನೆ. ಇವತ್ತು ಬೆಳಿಗ್ಗೆ ನೀರು ಹಾಕುವಾಗ ಯಾರೂ ಇಲ್ಲವೆಂದುಕೊಂಡು ಅವರ ಹೆಸರನ್ನು ಪೂರ್ತಿಯಾಗಿ ಒಮ್ಮೆ ಕರೆದೆ. ಅವರಿಲ್ಲ ಎಂದು ಎಷ್ಟು ಗೊತ್ತಿದ್ದರೂ ಕರೆದ ಮೇಲೆ ಒಂದು ಗಳಿಗೆ ಕಾಯುವುದನ್ನು ಬಿಡಲಾಗುವುದಿಲ್ಲ.

"ವಾಟ್, ಅಮ್ಮಾ?" ಎಂದು ಒಳಗಿನಿಂದ ಮಗಳು ಕೂಗಿದಳು.

"ನಿನ್ನನ್ನಲ್ಲ ಕಣೇ, ಕರೆದಿದ್ದು" ಎಂದೆ.